ಎರಡನೇ ಚರಣದ ಗಂಟೆ

ಬರಲಿಲ್ಲ, ಈ ಸಲವೂ ಬರಲಿಲ್ಲ — ಎರಡನೇ ಚರಣ ಮುಗಿದು ಹಾಡುವ ಐದೂ ಹುಡುಗಿಯರು ಪಲ್ಲವಿಗೆ ಹಾರುವ ಮೊದಲು ಅರ್ಧ ಉಸಿರಿನಷ್ಟು ಜಾಗ ಉಳಿಯುತ್ತದೆ, ಆ ಜಾಗದಲ್ಲಿ ಒಂದು ಸಣ್ಣ ಗಂಟೆ ಕೇಳಬೇಕು, ಗಾಜಿನ ಲೋಟಕ್ಕೆ ಚಮಚದ ತುದಿ ತಾಕಿದಷ್ಟೇ ಸಣ್ಣ ಸದ್ದು, ಹದಿನಾರು ವರ್ಷ ತಪ್ಪದೆ ಕೇಳಿದೆ, ಮೂರು ತಿಂಗಳಿಂದ ಇಲ್ಲ. ಇಲ್ಲ ಅಂದರೆ ಯಾರೋ ತೆಗೆದಿದ್ದಾರೆ, ತನ್ನಷ್ಟಕ್ಕೆ ಎದ್ದು ಹೋಗಲು ಅದೇನು ಬೆಕ್ಕೇ? ಅವನು ಹಾಡನ್ನು ಹಿಂದಕ್ಕೆ ಓಡಿಸಿದ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ, ಡ್ರಮ್ಮು ಇದೆ, ಬಾಸ್ ಗಿಟಾರು ಹೊಟ್ಟೆಯವರೆಗೂ ಇಳಿಯುತ್ತಿದೆ, ಹುಡುಗಿಯರ ದನಿಗೆ ಮಾತ್ರ ಕಂಬಳಿ ಹೊದಿಸಿದಂತಿದೆ, ಬಂತು ಜಾಗ, ಈಗ — ಇಲ್ಲ. ಹೊರಗೆ ಬಾಗಿಲಿಗೆ ಊಟದ ವಿರಾಮದ ಫಲಕ ತೂಗುಹಾಕಿದ್ದಾನೆ, ಡಬ್ಬಿ ಇನ್ನೂ ತೆರೆದಿಲ್ಲ, ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆ, ಸ್ಪಂಜು ಬಡಿದ ಗೋಡೆ, ದಪ್ಪ ಗಾಜಿನ ಕಿಟಕಿ, ಇಪ್ಪತ್ತೇಳು ವರ್ಷದಿಂದ ಮಧ್ಯಾಹ್ನದ ಅರ್ಧ ಗಂಟೆ ಇದೇ ರೋಗಿಗಳ ಕುರ್ಚಿಯಲ್ಲಿ ಕೂತು ಹಾಡು ಕೇಳುತ್ತಾನೆ, ಇಷ್ಟು ನಿಶ್ಶಬ್ದವಾದ ಜಾಗ ಊರಿನಲ್ಲಿ ಇನ್ನೊಂದಿಲ್ಲ, ಇಲ್ಲಿಯೇ ಕೇಳುತ್ತಿಲ್ಲವೆಂದರೆ ಹಾಡಿನಲ್ಲಿಯೇ ಇಲ್ಲ, ಅಷ್ಟೇ ಸರಳ.

ಮೊದಲ ಅನುಮಾನ ಫೋನಿನಲ್ಲಿ ಹಾಡು ಕೊಡುವ ಕಂಪನಿಯವರ ಮೇಲೆ, ಹಳೆಯ ಹಾಡುಗಳನ್ನು ತೊಳೆದು ಬಳಿದು ಹೊಸದು ಮಾಡುತ್ತೇವೆ ಎನ್ನುತ್ತಾರಲ್ಲ, ತೊಳೆಯುವ ಭರದಲ್ಲಿ ಗಂಟೆಯನ್ನೂ ತೊಳೆದಿದ್ದಾರೆ, ಎರಡು ಪುಟ ದೂರು ಬರೆದ, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡು ಎಂಬುದರ ಸಮೇತ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು, ಕಿವಿಗೆ ಹೂ ಮುಡಿಸುವ ಕೆಲಸ. ಆಮೇಲೆ ಹೆಡ್‌ಫೋನಿನ ಮೇಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆಯಾ ಎಂದು ಹೆಂಡತಿಯನ್ನು ಕೇಳಿದ, ನಾನ್ಯಾಕ್ರೀ ಅದನ್ನ ಮುಟ್ಟಲಿ, ಮೊದಲು ಆ ಟೀವಿ ಸೌಂಡು ಕಮ್ಮಿ ಮಾಡಿ, ಪಕ್ಕದ ಮನೆಯವರು ಗೋಡೆ ಬಡೀತಿದಾರೆ ಅಂದಳು, ಮಾತು ತಿರುಗಿಸಿದಳು, ತಪ್ಪು ಮಾಡಿದವರೇ ಮಾತು ತಿರುಗಿಸುವುದು. ಇಲ್ಲಿ ಆಸ್ಪತ್ರೆಯಲ್ಲೂ ಏನೋ ನಡೆಯುತ್ತಿದೆ, ಜೊತೆಗೆ ಕೆಲಸ ಮಾಡುವಾಕೆ ಇದ್ದಕ್ಕಿದ್ದಂತೆ ಪಿಸುಗುಡಲು ಶುರುಮಾಡಿದ್ದಾಳೆ, ಪಿಸುಮಾತಮ್ಮ ಎಂದೇ ಮನಸ್ಸಿನಲ್ಲಿ ಹೆಸರಿಟ್ಟಿದ್ದಾನೆ, ಮುಖ ತಿರುಗಿಸಿ ಮಾತಾಡುತ್ತಾಳೆ, ಅರ್ಧ ಅಕ್ಷರ ನುಂಗುತ್ತಾಳೆ, ಏನಮ್ಮಾ ಜೋರಾಗಿ ಹೇಳು ಎಂದರೆ ಜೋರಾಗೇ ಹೇಳ್ತಿದೀನಲ್ಲ ಸಾರ್ ಎಂದು ದೊಡ್ಡ ಡಾಕ್ಟರ ಕಡೆ ನೋಡುತ್ತಾಳೆ, ಆ ನೋಟದಲ್ಲಿ ಮಸಲತ್ತು ಇರದೆ ಇನ್ನೇನಿದೆ. ಯಂತ್ರವೂ ಅವರ ಕಡೆಯೇ. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮೊದಲು ಅವನೇ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಸದ್ದುಗಳನ್ನೆಲ್ಲ ಕೇಳಿ ನೋಡಬೇಕು, ತಗ್ಗಿನ ಗುಂಯ್ ಇಂದ ಎತ್ತರದ ಕೀಚ್ ವರೆಗೆ, ಅದು ಕೆಲಸದ ಕಟ್ಟಳೆ, ಮೇಲಿನ ಎರಡು ಸದ್ದುಗಳು ಬರುತ್ತಿಲ್ಲ ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ, ರಿಪೇರಿಯವನು ಬಂದ, ಮೀಟರು ಚುಚ್ಚಿದ, ಎಲ್ಲಾ ಸರಿಯಾಗೇ ಇದೆಯಲ್ಲ ಸಾರ್ ಅಂದ, ಬಿಚ್ಚಿಯೂ ನೋಡಲಿಲ್ಲ, ಟೀ ಕುಡಿದು ಹೋದ. ಮೂರು ಸಲ ಬರೆದ, ಮೂರು ಸಲವೂ ಅದೇ ರಿಪೇರಿಯವನು, ಅದೇ ಮಾತು, ಮೂರನೇ ಸಲ ಹೋಗುವಾಗ ಬಾಗಿಲಲ್ಲಿ ಪಿಸುಮಾತಮ್ಮನ ಹತ್ತಿರ ನಿಂತು ಏನೋ ಹೇಳಿದ, ಏನು ಎಂದು ಕೇಳಿಸಲಿಲ್ಲ, ಕೇಳಿಸಬಾರದೆಂದೇ ಹೇಳಿದ್ದು.

ಫೋನು ಬೇಡ, ಕಂಪನಿ ಬೇಡ, ಡಿಸ್ಕು ಇದೆಯಲ್ಲ, ಅಲ್ಲಿಂದ ಗಂಟೆಯನ್ನು ಯಾರು ತೊಳೆಯುತ್ತಾರೆ ಎಂದುಕೊಂಡು ಕಪಾಟಿನಿಂದ ತೆಗೆದು ಹಾಕಿದ, ಅದರಲ್ಲೂ ಗಂಟೆಯಿಲ್ಲ, ಆಗಲೇ ಕಣ್ಣಿಗೆ ಬಿದ್ದದ್ದು — ಡಿಸ್ಕಿನ ಪೆಟ್ಟಿಗೆಯ ಬೆನ್ನಿಗೆ ಒಂದು ಕಾಗದದ ಪಟ್ಟಿ ಸುತ್ತಿ ಕಳಿಸುತ್ತಾರೆ ಜಪಾನಿನವರು, ಬೇರೆಯವರು ಹರಿದು ಎಸೆಯುತ್ತಾರೆ, ಹಾಡಿನ ಹುಚ್ಚು ಹಿಡಿದವರು ಮಾತ್ರ ಅದನ್ನು ಸುಕ್ಕಾಗದಂತೆ ಕಾಪಾಡುತ್ತಾರೆ, ಅವನ ಪಟ್ಟಿಯ ಮೂಲೆ ಕಿತ್ತುಹೋಗಿತ್ತು. ಅವನು ಕೀಳುವವನಲ್ಲ. ಆ ಡಿಸ್ಕು ಮನೆಯಿಂದ ಹೊರಗೆ ಹೋದದ್ದು ಒಂದೇ ಸಲ, ಮಗಳು ತಗೊಂಡು ಹೋಗಿ ಒಂದು ವಾರ ಇಟ್ಟುಕೊಂಡಿದ್ದಳು. ಅವಳೇ ತಂದುಕೊಟ್ಟ ಹುಚ್ಚು ಇದು, ಹನ್ನೆರಡು ವರ್ಷದವಳಿದ್ದಾಗ, ಅಲ್ಲಿಯವರೆಗೆ ಅವನದು ಬರೀ ರಾಕ್, ಎದೆ ನಡುಗದಿದ್ದರೆ ಅದು ಹಾಡೇ ಅಲ್ಲ, ಕಾಲೇಜಿನಲ್ಲಿ ಸ್ಪೀಕರಿಗೆ ಕೆನ್ನೆ ತಾಗಿಸಿ ನಿಂತು ಮೂರು ಮೂರು ಗಂಟೆ ಕೇಳಿದವನು, ಮಾರನೆಯ ದಿನವೆಲ್ಲ ಕಿವಿಯಲ್ಲಿ ಜೀರುಂಡೆ ಕೂತಿರುತ್ತಿತ್ತು, ಅದನ್ನು ಪದಕದ ಹಾಗೆ ಗೆಳೆಯರಿಗೆ ಹೇಳಿಕೊಂಡು ತಿರುಗುತ್ತಿದ್ದ. ಮಗಳ ಕೋಣೆಯಿಂದ ಜಪಾನಿ ಹುಡುಗಿಯರ ಜೆ-ಪಾಪ್ ಕೇಳಿದಾಗ ಮೂಗು ಮುರಿದ, ಏನೇ ಗುಬ್ಬಿ ಇದು, ಗೊಂಬೆಗಳಿಗೆ ಕೀ ಕೊಟ್ಟು ಬಿಟ್ಟಂಗಿದೆ. ಪೂರ್ತಿ ಕೇಳಪ್ಪಾ, ಮಧ್ಯದಲ್ಲಿ ನಿನ್ನ ರಾಕ್ ಬರುತ್ತೆ ಅಂದಳು, ಬಂತು, ಪಲ್ಲವಿಯಾದ ಮೇಲೆ ಗಿಟಾರು ಭೋರೆಂದು ಬಂತು, ಅವನು ಬಾಗಿಲಲ್ಲಿಯೇ ನಿಂತುಬಿಟ್ಟ, ಮತ್ತೆ ಮೊದಲಿಂದ ಹಾಕು ಅಂದ, ಆಗ ಅವಳು ಬೆರಳೆತ್ತಿ, ಶ್, ಈಗ ಗಂಟೆ ಬರುತ್ತೆ ನೋಡು ಅಂದಳು. ಬಾರದ ಭಾಷೆಯ ಹಾಡನ್ನು ಅಪ್ಪ ಮಗಳು ಅಕ್ಷರ ಅಕ್ಷರ ಬಾಯಿಪಾಠ ಮಾಡಿದರು, ಅರ್ಥ ಕೇಳಿದರೆ ಇಬ್ಬರೂ ಬೆಬ್ಬೆಬ್ಬೆ. ಅಂಥ ಮಗಳಿಗೆ ಫೋನು ಮಾಡಿ ಕೇಳಿದ, ಅಸಲಿ ಡಿಸ್ಕು ನೀನಿಟ್ಕೊಂಡು ನಂಗೆ ನಕಲಿ ಕೊಟ್ಟಿದೀಯಾ? ಆ ಕಡೆ ಸದ್ದೇ ಇಲ್ಲ, ಏನೋ ಹೇಳಿದಳೋ ಏನೋ, ಫೋನಿನಲ್ಲಿ ಈಗ ಯಾರ ಮಾತೂ ಸರಿಯಾಗಿ ಬರುವುದಿಲ್ಲ, ಲೈನೇ ಹಾಗಿದೆ, ಏನಾದ್ರೂ ಮಾತಾಡು ಎಂದು ಕೂಗಿದ, ಕಳ್ಳಿ ಅಂದ, ಹೌದು, ಆ ಮಾತು ಅಂದ, ಬಾಯಿಂದ ಹೋದ ಮೇಲೆ ಹಿಡಿಯಲಾಗಲಿಲ್ಲ. ಅವತ್ತಿನಿಂದ ಅವಳ ಫೋನಿಲ್ಲ.

ಇವತ್ತು ಬೆಳಿಗ್ಗೆ ಹೆಂಡತಿ ಡಬ್ಬಿ ಕಟ್ಟುತ್ತಾ, ಮಧ್ಯಾಹ್ನ ನಿಮ್ಮ ಮಗಳು ಆಸ್ಪತ್ರೆಗೇ ಬರ್ತಾಳಂತೆ, ಅವಳ ಹತ್ರ ಅವಳದೇ ಒಂದು ಡಿಸ್ಕು ಇದೆಯಂತೆ, ತರ್ತಾಳಂತೆ, ಇಬ್ಬರೂ ಕೂತು ಕೇಳಿ ಮುಗಿಸ್ಕೊಳ್ಳಿ ಈ ಕಿತ್ತಾಟ ಅಂದಳು. ತಾಯಿ ಮಗಳು ಮಾತಾಡಿಕೊಂಡೇ ಇದ್ದಾರೆ ಅಂದಾಯಿತು, ಇಷ್ಟು ದಿನವೂ, ಅವನ ಬೆನ್ನ ಹಿಂದೆ. ಬಂದಳು ನೋಡು, ಗಾಜಿನಾಚೆ ನಿಂತಿದ್ದಾಳೆ, ರಂಗಮಂದಿರದಲ್ಲಿ ದೀಪ ನಡೆಸುವ ಕೆಲಸದ ಕಪ್ಪು ಅಂಗಿಯಲ್ಲಿಯೇ ಬಂದಿದ್ದಾಳೆ, ಪಿಸುಮಾತಮ್ಮನ ಜೊತೆ ಏನೋ ಎರಡು ಮಾತು, ಅವಳಿಗೂ ಇವಳಿಗೂ ಯಾವಾಗಿನಿಂದ ಪರಿಚಯ? ಒಳಗೆ ಬಂದು, ಊಟ ಮಾಡಿದ್ಯಾ ಅಪ್ಪಾ ಅಂದಳು, ಆಮೇಲೆ ಅಂದ, ಕೂತ್ಕೋ ಅಂದ, ಡಿಸ್ಕು ಕೇಳೋದಕ್ಕಿಂತ ಮೊದಲು ನಿನ್ನ ಕಿವಿ ನೋಡ್ಬೇಕು, ದಿನಾ ಸ್ಪೀಕರ್ ಪಕ್ಕ ನಿಂತಿರ್ತೀಯ, ನಿನಗೆ ಏನು ಕೇಳುತ್ತೋ ಏನು ಬಿಡುತ್ತೋ. ಅವಳು ನಗಲಿಲ್ಲ, ಜಗಳಕ್ಕೂ ಬರಲಿಲ್ಲ, ತೆಪ್ಪಗೆ ಕೂತು ಹೆಡ್‌ಫೋನು ಹಾಕಿಕೊಂಡಳು, ನನ್ನ ಮೇಲೇ ಅಲ್ವಾ ನೀನು ಹೊಸ ಮಷೀನು ಕಲಿತಿದ್ದು, ಎಲ್ಲಾ ಜ್ಞಾಪಕ ಇದೆ ಅಂದಳು. ನಿಜ, ಐದು ವರ್ಷದ ಗುಬ್ಬಿಯನ್ನು ಇದೇ ಕುರ್ಚಿಯಲ್ಲಿ ಎರಡು ದಿಂಬಿನ ಮೇಲೆ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತು ಎಂದು ಹೇಳಿಕೊಟ್ಟವನು ಅವನೇ, ಕಳ್ಳರನ್ನು ಹಿಡಿಯುವ ಉಪಾಯವನ್ನೂ ಅವಳ ಎದುರೇ ಕೊಚ್ಚಿಕೊಂಡವನು — ಲೈಸೆನ್ಸಿಗೆಂದು ಬರುವ ಡ್ರೈವರುಗಳು ಕೇಳಿಸದಿದ್ದರೂ ಬೆರಳೆತ್ತುತ್ತಾರೆ, ಗಾಜಿನಲ್ಲಿ ಪರೀಕ್ಷೆ ಮಾಡುವವನ ಭುಜ ಅಲುಗಿದ್ದು ನೋಡಿ ಎತ್ತುತ್ತಾರೆ, ಅಂಥವರಿಗೆ ಸದ್ದು ಕೊಡದೆ ಬರೀ ಭುಜ ಅಲುಗಿಸಬೇಕು, ಎತ್ತಿದರೋ, ಸಿಕ್ಕಿಬಿದ್ದರು, ಎಷ್ಟೊಂದು ಬೆರಳುಗಳು ಖಾಲಿ ಗಾಳಿಯಲ್ಲಿ ಎದ್ದು ನಿಂತದ್ದನ್ನು ನೋಡಿ ನಕ್ಕಿದ್ದಾನೆ, ಆ ಬೆರಳುಗಳಿಗೆ ಆಮೇಲೆ ಕೆಲಸ ಸಿಕ್ಕಿತೋ ಇಲ್ಲವೋ ಕೇಳಿದವನಲ್ಲ.

ಯಂತ್ರದ ಮುಂದೆ ಕೂತ, ಮಗಳು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದಳು, ತಗ್ಗಿನ ಸದ್ದು, ಬೆರಳೆದ್ದಿತು, ಮಧ್ಯದ್ದು, ಎದ್ದಿತು, ಮೇಲಿನ ಎರಡು, ಯಂತ್ರ ಕೆಟ್ಟಿರುವುದರಿಂದ ಬರಬಾರದ ಎರಡು — ಎದ್ದಿತು. ಸುಳ್ಳು. ಸುಮ್ಮನೆ ಎತ್ತುತ್ತಿದ್ದಾಳೆ, ಅಪ್ಪನನ್ನು ಸುಮ್ಮನಾಗಿಸಲು ಎತ್ತುತ್ತಿದ್ದಾಳೆ, ಅಮ್ಮ ಹೇಳಿಕೊಟ್ಟಿದ್ದಾಳೆ. ಸದ್ದು ಕೊಡದೆ ಭುಜ ಅಲುಗಿಸಿದ, ಏಳಲಿಲ್ಲ, ಕಣ್ಣು ಮುಚ್ಚಿದವಳಿಗೆ ಭುಜ ಎಲ್ಲಿ ಕಾಣುತ್ತದೆ, ಮತ್ತೆ ಸದ್ದು ಕೊಟ್ಟ, ಎದ್ದಿತು. ಸಾಕು, ಯಂತ್ರ ಬೇಡ, ಹಾಡೇ ಹಾಕೋಣ ಅಂದ. ಅವಳ ಡಿಸ್ಕು, ಅವನ ಹಳೆಯ ಪ್ಲೇಯರು, ಅದರಿಂದ ಕವಲು ಹೊಡೆದ ವೈರಿನಲ್ಲಿ ಇಬ್ಬರಿಗೂ ಒಂದೊಂದು ಹೆಡ್‌ಫೋನು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು, ಗಂಟೆ ಬಂದಾಗ ಬೆರಳೆತ್ತು, ಕಣ್ಣು ಮುಚ್ಕೋ. ಹಾಡು ಶುರುವಾಯಿತು, ಅವಳ ತುಟಿ ಹಾಡಿನ ಜೊತೆ ಅಲುಗುತ್ತಿದೆ, ಹನ್ನೆರಡರವಳ ತುಟಿಯೇ, ಎರಡನೇ ಚರಣ, ಅರ್ಧ ಉಸಿರು — ಬೆರಳು. ಅವನ ಕಿವಿಯಲ್ಲಿ ಏನೂ ಇಲ್ಲ. ಇವಳಿಗೆ ಹಾಡು ಬಾಯಿಪಾಠ, ನೆನಪಿನಿಂದ ಎತ್ತಿದಳು, ತಾನಾಗಿದ್ದರೂ ಹಾಗೇ ಎತ್ತುತ್ತಿದ್ದ. ಹಾಡನ್ನು ಹಿಂದಕ್ಕೆ ಓಡಿಸಿ, ಅವಳಿಗೆ ಕಾಣದಂತೆ ಹೆಬ್ಬೆರಳಿನಿಂದ ಪ್ಲೇಯರಿನ ಟ್ರೆಬಲ್ ತಿರುಪನ್ನು ಪೂರ್ತಿ ಇಳಿಸಿದ, ಎತ್ತರದ ಸದ್ದುಗಳೆಲ್ಲ ಅಲ್ಲಿಗೆ ಮುಚ್ಚಿಹೋಗಬೇಕು, ಈಗಲೂ ಎತ್ತಿದರೆ ಸುಳ್ಳಿ ಎಂದು ತೀರ್ಮಾನ, ಎರಡನೇ ಚರಣ, ಅರ್ಧ ಉಸಿರು, ಬೆರಳು ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದಳು, ಜೋರಾಗಿಯೇ ಹೇಳಿದಳು, ಅಪ್ಪಾ, ಟ್ರೆಬಲ್ ಮುಟ್ಬೇಡ, ಹಾಡು ಮಂಕಾಗೋಯ್ತು.

ಮಂಕಾಯಿತೇ? ಯಾವಾಗ? ಅವನು ತಿರುಪನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದ, ಮತ್ತೆ ಆ ತುದಿಯಿಂದ ಈ ತುದಿಗೆ, ಹಾಡು ಹಾಗೆಯೇ ಇದೆ, ಅದೇ ಡ್ರಮ್ಮು, ಅದೇ ಬಾಸು, ಅದೇ ಕಂಬಳಿ ಹೊದ್ದ ಹುಡುಗಿಯರು, ಕೂದಲೆಳೆಯಷ್ಟೂ ಬದಲಾಗಲಿಲ್ಲ, ಮಗಳ ಹುಬ್ಬು ಮಾತ್ರ ತಿರುಪು ಇಳಿದಾಗ ಗಂಟಿಕ್ಕುತ್ತದೆ, ಏರಿದಾಗ ಬಿಚ್ಚಿಕೊಳ್ಳುತ್ತದೆ. ಕಂಪನಿಯವರಲ್ಲ, ಹೆಡ್‌ಫೋನಲ್ಲ, ಪಾಪ ರಿಪೇರಿಯವನು ಮೂರು ಸಲ ಸತ್ಯ ಹೇಳಿ ಹೋದ, ಪಿಸುಮಾತಮ್ಮ ಎಂದೂ ಪಿಸುಗುಟ್ಟಿರಲಿಲ್ಲ, ಟೀವಿ, ಪಕ್ಕದ ಮನೆಯ ಗೋಡೆ, ಫೋನಿನಲ್ಲಿ ಮಗಳು ಏನೋ ಹೇಳಿದ್ದಳು, ಹೇಳಿದ್ದಳು, ಅವನು ಕೇಳಿಸಿಕೊಳ್ಳದೆ ಕಳ್ಳಿ ಅಂದ — ಭಯ ಎಂದರೆ ಇದು, ಅವಳಿಗೆ ಗೊತ್ತಾಗಬಾರದು, ಯಾರಿಗೂ ಗೊತ್ತಾಗಬಾರದು, ಇವತ್ತು ಗಂಟೆ, ನಾಳೆ ಹುಡುಗಿಯರು, ನಾಡಿದ್ದು ಗಿಟಾರು, ಆಮೇಲೆ ಗುಬ್ಬಿಯ ದನಿ. ಅವಳು ಕಣ್ಣು ಬಿಟ್ಟಳು. ಕೇಳ್ತಾ, ಅಪ್ಪಾ? ಕೇಳ್ತು ಅಂದ, ನಿನ್ನ ಡಿಸ್ಕಲ್ಲಿ ಚೆನ್ನಾಗೇ ಕೇಳ್ತು. ಅವಳು ಅವನ ಮುಖವನ್ನೇ ನೋಡಿದಳು, ಪ್ಲೇಯರನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು, ಹಾಗಾದ್ರೆ ಮೊದಲಿಂದ ಹಾಕ್ತೀನಿ, ಈ ಸಲ ನೀನೂ ಬೆರಳೆತ್ತು, ಇಬ್ಬರೂ ಒಟ್ಟಿಗೆ ಎತ್ತೋಣ ಅಂದಳು, ಕಣ್ಣು ಮುಚ್ಚಿದಳು. ಅವನೂ ಮುಚ್ಚಿದ, ಪೂರ್ತಿ ಮುಚ್ಚಲಿಲ್ಲ, ರೆಪ್ಪೆಯ ಸಂದಿಯಲ್ಲಿ ಅವಳ ಬೆರಳು ಕಾಣುವಷ್ಟು ಬಿಟ್ಟ, ಡ್ರೈವರುಗಳ ಹಾಗೆ. ಎರಡನೇ ಚರಣ, ಅರ್ಧ ಉಸಿರು, ಅವಳ ಬೆರಳು, ಅವನ ಬೆರಳು. ಪಲ್ಲವಿ. ಗಿಟಾರು ಭೋರೆಂದು ಬಂತು, ಅವನ ಭಾಗ, ಎದೆ ನಡುಗುವ ಭಾಗ, ಇದು ಇನ್ನೂ ಇದೆ, ಇದೊಂದು ಇದೆ, ಇಲ್ಲಿ ಗಂಟೆ ಇಲ್ಲ, ಹದಿನಾರು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ — ಅವಳ ಬೆರಳು ಎದ್ದಿತು. ಇಲ್ಲಿಯೇ? ಇರಬಹುದೇ? ತನಗೆ ತಪ್ಪಿಹೋದ ಗಂಟೆ ಇನ್ನೊಂದಿತ್ತೇ? ಮೂರು ತಿಂಗಳಿಂದ ಕಂಡಕಂಡವರನ್ನೆಲ್ಲ ಅನುಮಾನಿಸಿದವನು ಈ ಒಂದು ಸಲ ತನ್ನ ನೆನಪನ್ನು ಬಿಟ್ಟು ಮಗಳ ಬೆರಳನ್ನು ನಂಬಿದ, ನಂಬಿ ತನ್ನದನ್ನೂ ಎತ್ತಿದ. ಅವಳ ಕಣ್ಣು ತೆರೆದಿತ್ತು, ಆಗಲೇ ತೆರೆದಿತ್ತು, ತುಂಬಿಕೊಂಡಿತ್ತು. ಅವಳು ಕೈ ಇಳಿಸಿದಳು. ಗಿಟಾರು ಒಂದೇ ಸಮನೆ ಬಡಿಯುತ್ತಿದೆ, ಅವಳು ಏನೋ ಹೇಳುತ್ತಿದ್ದಾಳೆ, ತುಟಿ ಮಾತ್ರ ಕಾಣುತ್ತಿದೆ, ಅವನ ಬೆರಳು ಇನ್ನೂ ಮೇಲೆಯೇ ಇದೆ, ಇಳಿಸಬೇಕು, ಇಳಿಯುತ್ತಿಲ್ಲ, ಗಂಟೆಯಿಲ್ಲದ ಜಾಗದಲ್ಲಿ ಆ ಬೆರಳು, ಬೆರಳು