ಬೆನ್ನ ಹಿಂದಿನ ನೀರು

ಹನಿ ಕಟ್ಟುತ್ತಿದೆ, ದೋಣಿಯ ಹೊಟ್ಟೆಯ ಕೆಳಗೆ, ಮೊದಲು ಬೆವರಿನಂಥ ತೇವ, ಆಮೇಲೆ ಸಾಸಿವೆ, ಆಮೇಲೆ ಜೋಳದ ಕಾಳು, ಬಿತ್ತು, ಮತ್ತೆ ಕಟ್ಟುತ್ತಿದೆ — ಶಾಂತಲಿಂಗಪ್ಪ ಕುಕ್ಕರಗಾಲಿನಲ್ಲಿ ಕೂತು ಕತ್ತು ಬಗ್ಗಿಸಿ ನೋಡುತ್ತಾನೆ, ನೀರಿನ ಮೇಲಿರಬೇಕಾದ ದೋಣಿಯನ್ನು ದಂಡೆಯ ಕಲ್ಲುಗಳ ಮೇಲೆ ಎತ್ತಿಟ್ಟು ಅದರೊಳಗೇ ಭೀಮಾ ಹೊಳೆಯ ನೀರನ್ನು ತುಂಬಿಸಿದ್ದಾನೆ ಈ ಖಾಜಾ, ಜೇವರ್ಗಿಯಿಂದ ಗಾಡಿಯ ಮೇಲೆ ರೆಸಿನ್ ಅಂಟಿನ ಡಬ್ಬಿ ಕಟ್ಟಿಕೊಂಡು ಬಂದವನು, ನೀರಿನ ಟಾಕಿ, ಬಸ್ಸಿನ ಮೂತಿ, ಫೈಬರಿನದು ಏನೇ ಒಡೆದರೂ ಕೂಡಿಸುವವನು, ಹೊರಗಿಂದ ನೋಡಿದ್ರ ಬಿರುಕು ಸಿಗಂಗಿಲ್ರಿ ಕಾಕಾ, ಒಳಗ ನೀರ ತುಂಬಬೇಕು, ಎಲ್ಲಿಂದ ಒಳಗ ಬಂದದ ಅಲ್ಲಿಂದನ ಹೊರಗ ಬರ್ತದ, ಅಂದ, ಅಂದಂತೆಯೇ ಬರುತ್ತಿದೆ, ಕೊಡದಿಂದ ನೀರು ಸುರಿದು ದಣಿದ ಮಗ ಶಾಂತಕುಮಾರ ಪಂಚೆಯಿಂದ ಮುಖ ಒರೆಸಿಕೊಳ್ಳುತ್ತಿದ್ದಾನೆ, ಸೊಸೆ ರಾಧಿಕಾ ಚಹಾದ ಕಿಟ್ಲಿ ಇಳಿಸಿ ಗಂಡನನ್ನು ನೋಡಿ ನಗುತ್ತಾಳೆ, ನಾಕ ಕೊಡಕ್ಕ ಸೋತ್ರಿ, ನಾಳಿಂದ ಹುಟ್ಟ ಹ್ಯಾಂಗ ಹಾಕ್ತೀರಿ, ನಾನ ಹಾಕ್ಲೇನು, ನಾಳಿಂದ, ಹೌದು, ನಾಳಿಂದ ಇವರಿಬ್ಬರೂ ಈ ದೋಣಿಯಲ್ಲಿ ಆಚೆ ದಂಡೆಯ ಹೊಲಕ್ಕೆ ಹೋಗುತ್ತಾರೆ, ತೊಗರಿಯಲ್ಲಿ ಕಸ ಎದ್ದಿದೆ, ಹನಿ ಬಿತ್ತು, ಬಿದ್ದದ್ದು ಎಲ್ಲಿಂದ ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ, ದೋಣಿಯ ಮೂತಿಯ ಹಲಗೆಯ ಕೆಳಗಿನಿಂದ, ಹೆಂಡತಿ ಸುಂದರಬಾಯಿ ಕೂರುತ್ತಿದ್ದ ಜಾಗದಿಂದ.

ಅವಳು ತೀರಿಕೊಂಡದ್ದು ಹೋದ ಶ್ರಾವಣದಲ್ಲಿ, ಜ್ವರದಲ್ಲಿ, ಮನೆಯ ನಡುಮನೆಯಲ್ಲೇ, ನೀರಿಗೂ ಸಾವಿಗೂ ಏನೂ ಸಂಬಂಧವಿರಲಿಲ್ಲ, ಆದರೂ ಕೊನೆಗೆ ಅಂದದ್ದು ನೀರಿನ ಮಾತೇ, ಒಬ್ರ ಹೋಗಬ್ಯಾಡ್ರಿ ನೀರಾಗ, ಅವನ ತೋಳು ಹಿಡಿದು, ಒಬ್ರ ಹೋಗಬ್ಯಾಡ್ರಿ, ಪ್ರೀತಿಯ ಮಾತೆಂದುಕೊಂಡ, ಅವಳನ್ನು ಕೂರಿಸಿ ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟು ಬಂದ ಮೇಲೆ ಮೊದಲ ಸಲ ಒಬ್ಬನೇ ಹೊಲಕ್ಕೆ ಹೋದ ದಿನ ಆ ಹಲಗೆಯ ಕೆಳಗೆ ನೀರು ನಿಂತಿತ್ತು, ಅವಳಿದ್ದಾಗ ಒಂದು ಹನಿ ಕಾಣದ ಜಾಗದಲ್ಲಿ, ಅವಳು ಪಾದವಿಡುತ್ತಿದ್ದ ತಗ್ಗಿನಲ್ಲಿ, ತಿಳಿ ನೀರು, ಮರುದಿನವೂ, ಅದರ ಮರುದಿನವೂ, ಆಗ ಮೈ ಜುಮ್ಮೆಂದದ್ದು ಇನ್ನೂ ಇಳಿದಿಲ್ಲ — ಒಬ್ರ ಹೋಗಬ್ಯಾಡ್ರಿ ಅಂದವಳು ಒಬ್ಬನನ್ನೇ ಬಿಡುತ್ತಿಲ್ಲ, ಹೀಗೆಂದು ಯಾರೆದುರು ಹೇಳುವುದು, ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳುವವನು ಅವನೇ, ಲಿಂಗೈಕ್ಯರಾದವರು ತಿರುಗಿ ಬರಂಗಿಲ್ರೋ, ದೆವ್ವ ಇಲ್ಲ, ಪೀಡಾ ಇಲ್ಲ, ಶರಣರ ಮನ್ಯಾಗ ಹುಟ್ಟಿ ನಿಂಬಿಹಣ್ಣ ಕೊಯ್ತೀರೇನು ಎಂದು ಬೈಯುವವನು, ಅಂಥವನು ದಿನಾ ದಂಡೆ ಸೇರಿದ ಮೇಲೆ ಆಚೆ ಈಚೆ ನೋಡಿ ಆ ನೀರನ್ನು ಬೊಗಸೆಯಲ್ಲಿ ತೆಗೆದು ಕಣ್ಣಿಗೊತ್ತಿ ತಲೆಗೆ ಚಿಮುಕಿಸಿಕೊಳ್ಳುತ್ತಾನೆ, ಎಪ್ಪಾ ದೋಣಿ ಸೋರಾಕತ್ತದ, ಮಾಡಿಸೋಣು ಎಂದು ಮಗ ಎಷ್ಟು ಸಲ ಅಂದರೂ ಇರ್ಲಿ ಬಿಡು, ನೋಡೋಣು ಎಂದು ವರ್ಷ ತಳ್ಳಿದವನು, ಹೋದ ವಾರ ನಡುನೀರಿನಲ್ಲಿ ಪಾದ ಮುಳುಗುವಷ್ಟು ತುಂಬಿಕೊಂಡಾಗಲೂ ಹೆದರದೆ, ಕರೀತಿದ್ದೀ ಏನು ಬೇ, ಕರೀ, ಬರ್ತೇನಿ, ಎಂದು ಸಮಾಧಾನವಾಗಿ ಹುಟ್ಟು ಹಾಕಿದವನು.

ಹುಟ್ಟು ಹಾಕುವವನಿಗೆ ಹೋಗುವ ದಿಕ್ಕು ಕಾಣುವುದಿಲ್ಲ, ಬಿಟ್ಟು ಬಂದ ದಂಡೆ ಕಾಣುತ್ತದೆ, ಬೆನ್ನ ಹಿಂದೆ ಮೂತಿಯ ಹಲಗೆ, ಹಲಗೆಯ ಮೇಲೆ ಅವಳು, ಬ್ಯಾರೇಜಿನ ಹಿನ್ನೀರು ಹೊಲವನ್ನು ಆಚೆಗೆ ತಳ್ಳಿದಾಗಿನಿಂದ ಹೆಂಡತಿಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು, ಬಳೆಯ ಸದ್ದು, ಕೆಮ್ಮು, ಹಿರೋಳ್ಳಿಯ ಒಣನೆಲದ ಹುಡುಗಿ, ಈಜು ಬಾರದು, ಮೊದಮೊದಲು ಎರಡು ಕೈಯಲ್ಲೂ ಅಂಚು ಹಿಡಿದು ಶಿವ ಶಿವಾ ಅನ್ನುವವಳು, ಆಮೇಲೆ ಧೈರ್ಯ ಬಂತು, ಅಂದರೆ ಬಂತೆಂದು ಅವನು ತಿಳಿದ, ಯಾಕೆಂದರೆ ಚೆಂಬಿನ ಸದ್ದು ಶುರುವಾಯಿತು, ಗುಳುಕ್, ಆಮೇಲೆ ಸುರ್ ಎಂದು ನದಿಗೆ ಸುರಿಯುವುದು, ಮತ್ತೆ ಗುಳುಕ್, ಏನ್ ಮಾಡಾಕತ್ತೀ ಬೇ, ಗಂಗವ್ವಗ ಅರ್ಘ್ಯ ಕೊಡಾಕತ್ತೇನ್ರಿ, ಅಂದಳು, ಅವನಿಗೆ ನಗು ಬಂತು, ಸಿಟ್ಟೂ ಬಂತು, ಕೊರಳಾಗ ಲಿಂಗ ಕಟ್ಕೊಂಡು ನದಿ ನೀರ ನದೀಗೆ ಎರೀತೀಯೇನು, ಆಕಿಗಿ ನೀರ ಕಡಿಮಿ ಬಿದ್ದಾವೇನು, ನೀವ ಸುಮ್ನ ಹುಟ್ಟ ಹಾಕ್ರಿ, ಅಂದಳು, ಗುಳುಕ್, ಸುರ್, ಹೋಗುವಾಗ ಬರುವಾಗ, ಹಬ್ಬವೋ ಹುಣ್ಣಿಮೆಯೋ ಅಲ್ಲ, ದಿನಾ, ಕಡೆಗೆ ಮಠಕ್ಕೆ ಕರೆದುಕೊಂಡು ಹೋಗಿ ಅಯ್ಯನವರ ಮುಂದೆ ನಿಲ್ಲಿಸಿದ, ನೀವ ಹೇಳ್ರಿ ಅಯ್ಯಾರ, ನನ್ನ ಮಾತ ಕೇಳಂಗಿಲ್ಲ ಈಕಿ, ಕೂತ ಹತ್ತು ಜನ ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿ ನಕ್ಕರು, ಅಯ್ಯನವರು ಮೆಲ್ಲಗೆ ಅಂದರು, ತಾಯಿ, ಅಂಗೈಯಾಗ ಶಿವ ಇದ್ದಮ್ಯಾಲ ಹೊರಗ ಯಾಕ ಹುಡುಕ್ತಿ, ತಪ್ಪಾತ್ರಿ ಅಯ್ಯಾರ, ಎಂದು ನೆಲಕ್ಕೆ ಹಣೆ ಹಚ್ಚಿದಳು, ಮರುದಿನ ನಡುನೀರಿನಲ್ಲಿ, ಬೆನ್ನ ಹಿಂದೆ, ಗುಳುಕ್, ಸುರ್.

ಯಾರ ಮಾಡಿದ್ರಿ ಕಾಕಾ ಇದು, ಖಾಜಾ ಕರೆಯುತ್ತಿದ್ದಾನೆ, ನೀರು ಚೆಲ್ಲಿ, ಹಲಗೆ ಬಿಚ್ಚಿ, ಮೊಳಕಾಲೂರಿ ಒಳಗೆ ಕೆರೆಯುತ್ತಿದ್ದಾನೆ, ಅದೇ ಈಗ ಡಬ್ಬಿ ತೋರಿಸಿ ರಾಧಿಕಾಳನ್ನು ನಗಿಸುತ್ತಿದ್ದವನು, ಅಂಟು ಗಟ್ಟಿ ಮಾಡೋ ಈ ಹಾರ್ಡನರ್ ಅಂದ್ರ ಅತ್ತಿ ಇದ್ದಂಗ ತಂಗಿ, ಜಾಸ್ತಿ ಆದ್ರ ಸುಡ್ತದ, ಕಡಿಮಿ ಆದ್ರ ಮನಿ ಕೂಡಂಗಿಲ್ಲ, ನಮ್ಮತ್ತಿ ಸುಡಾಕಿ ಅಲ್ಲ ಬಿಡೋ ಅಣ್ಣಾ ಎಂದಿದ್ದಳು ಅವಳು, ಈಗ ನಗುತ್ತಿಲ್ಲ, ಖಾಜಾನ ಉಳಿಯ ತುದಿಯಲ್ಲಿ ಕಪ್ಪಗೆ ಏನೋ ಜೋತಾಡುತ್ತಿದೆ, ಬತ್ತಿ, ದೀಪದ ಬತ್ತಿ, ಸುಣ್ಣ ಎಣ್ಣೆ ಕಲಸಿ ಮೆತ್ತಿದ್ದು, ಇನ್ನೊಂದು, ಇನ್ನೊಂದು, ಬಿರುಕಿನ ಉದ್ದಕ್ಕೂ ತುರುಕಿದ್ದು, ಒಮ್ಮಿ ಮಾಡಿದ್ದಲ್ರಿ ಇದು, ಹಳೇದರ ಮ್ಯಾಲ ಹೊಸಾದು, ಪದರ ಪದರ ಅದಾವ, ಬಿರುಕೂ ಇವತ್ತಿಂದಲ್ಲ, ಎಷ್ಟ ಮಳಿಗಾಲ ಕಂಡದೋ, ಕಲ್ಲಿಗಿ ಹೊಡದದ್ದು, ಹಿಂಗ ತುಂಬಿದ್ರೂ ನೀರ ಪೂರಾ ನಿಲ್ಲಂಗಿಲ್ಲ, ಒಬ್ಬರು ಕುಂತು ನೀರ ಗೋರಿ ಚೆಲ್ಲತಾನ ಇರಬೇಕು, ಇಲ್ಲಂದ್ರ ನಡುನೀರಾಗ ಖಲಾಸ್, ಖಾಜಾನ ಬಾಯಿ ಆಡುತ್ತಿದೆ, ಬತ್ತಿ ಶಾಂತಲಿಂಗಪ್ಪನ ಅಂಗೈ ಮೇಲಿದೆ, ಎಷ್ಟ ದೀಪಾ ಹಚ್ತೀ ಬೇ, ಮೊನ್ನಿ ತಂದ ಬತ್ತಿ ಅರಳಿ ಆಗಲೇ ಮುಗೀತೇನು, ಎಂದು ರೇಗಿದ್ದು ಯಾರು, ತಾನೇ, ಕಲ್ಲು ಯಾವುದು, ಗೊತ್ತು, ಹಿನ್ನೀರಿನಲ್ಲಿ ಮುಳುಗಿದ ತನ್ನದೇ ಬಾವಿಯ ಕಟ್ಟೆ, ನೀರು ಇಳಿದ ಬೇಸಗೆ, ಧಡ್ ಎಂದಿತ್ತು, ಏನೋ ತಾಗಿತ್ರಿ ಅಂದಳು ಹಿಂದಿನಿಂದ, ನನ್ನ ದೋಣಿಗಿ ಏನೂ ಆಗಂಗಿಲ್ಲ, ಬಾಯಿ ಮುಚ್ಕೊಂಡ ಕುಂಡ್ರು, ಅಂದ, ಮುಚ್ಚಿಕೊಂಡು ಕೂತಳು, ಅವತ್ತಿನಿಂದ ಅರ್ಘ್ಯ, ದಂಡೆ ಸೇರಿದರೂ ಕೊನೆಗಿಳಿಯುವುದು, ನೀವ ನಡೀರಿ, ಬುತ್ತಿ ತಗೊಂಡ ಬರ್ತೇನಿ, ಅವನ ಬೆನ್ನು ಮರೆಯಾಗುವ ತನಕ ಇಳಿಯುತ್ತಿರಲಿಲ್ಲ, ನದಿಗೆ ಕೈ ಮುಗಿದದ್ದನ್ನು ಒಮ್ಮೆಯಾದರೂ ನೋಡಿದ್ದನೇ, ಇಲ್ಲ, ಲಿಂಗವನ್ನು ಬಿಟ್ಟು ಇನ್ನೊಂದಕ್ಕೆ ಅವಳು ಎರೆದವಳೇ ಅಲ್ಲ, ಒಬ್ರ ಹೋಗಬ್ಯಾಡ್ರಿ, ಅದು ಕರೆಯಲ್ಲ, ಅದು ಬರೀ ಇದು, ಈ ಬಿರುಕು, ಅವಳು ಈ ದೋಣಿಯಲ್ಲಿ ಇಲ್ಲ, ವರ್ಷವೆಲ್ಲ ತಲೆಗೆ ಚಿಮುಕಿಸಿಕೊಂಡದ್ದು ಬರೀ ಸೋರಿದ ನೀರು — ಕೊಯ್ಯಲೇನ್ರಿ ಕಾಕಾ, ಕೆಟ್ಟದ್ದೆಲ್ಲ ಕೊಯ್ದ ತಗದ ಮ್ಯಾಲ ಫೈಬರಿನ ಮ್ಯಾಟ್ ಹಾಕಿದ್ರ ಮಜಬೂತ್ ಕುಂಡ್ರತದ, ಕೊಯ್ದರೆ ಬತ್ತಿಯೂ ಹೋಯಿತು, ನೀರೂ ಹೋಯಿತು, ಬೆನ್ನ ಹಿಂದೆ ಇನ್ನೇನೂ ಉಳಿಯುವುದಿಲ್ಲ, ರಾಧಿಕಾ ಬಂದು ಪಕ್ಕದಲ್ಲಿ ನಿಂತಿದ್ದಾಳೆ, ಮಾವಾರ, ಇವು ನಮ್ಮತ್ತಿ ಹೊಸೆದ ಬತ್ತಿ ಅಲ್ಲೇನ್ರಿ, ಮೆಲ್ಲಗೆ, ನಾಳೆ ಆ ಹಲಗೆಯ ಮೇಲೆ ಕೂರುವವಳು, ಅವಳಿಗೂ ಈಜು ಬಾರದು, ಮಗನೂ ಹುಟ್ಟು ಹಾಕುವಾಗ ತಿರುಗಿ ನೋಡುವುದಿಲ್ಲ, ಕೊಯ್ಯಪಾ, ಅಂದ, ಪೂರಾ ಕೊಯ್ಯಿ, ಏನೂ ಉಳಸಬ್ಯಾಡ — ಗ್ರೈಂಡರ್ ಕಿರುಚುತ್ತದೆ, ವಿಭೂತಿಯಂಥ ಧೂಳು ಏಳುತ್ತದೆ, ಆ ಕಿರುಚಾಟದ ಅಡಿಯಲ್ಲೂ ಗುಳುಕ್, ಸುರ್, ಕಣ್ಣು ಮುಚ್ಚಿದರೆ ಮತ್ತೆ ಅವಳೊಂದಿಗೆ ದೋಣಿಯಲ್ಲಿದ್ದಾನೆ, ಹುಟ್ಟು ಕೈಬಿಟ್ಟು ತಿರುಗುತ್ತಾನೆ, ಒಂದು ಸಲವೂ ತಿರುಗದವನು, ನಡುನೀರಿನಲ್ಲಿ, ಕತ್ತು ಹೊರಳಿಸಿ, ಅವಳ ಎಡಗೈ ಹಲಗೆಯ ಕೆಳಗೆ ಬತ್ತಿಯನ್ನು ಒತ್ತಿ ಹಿಡಿದಿದೆ, ಬಲಗೈಯಲ್ಲಿ ಚೆಂಬು, ಅಂಚು ಹಿಡಿಯಲು ಕೈಯೇ ಇಲ್ಲ, ಚೆಂಬು ತುಂಬುತ್ತದೆ, ವಾಲುತ್ತದೆ, ನೀರು ಬೀಳುತ್ತದೆ, ತುಂಬುತ್ತದೆ, ಅಂಚು ಹಿಡಿಯಲು ಕೈ ಇಲ್ಲ, ವಾಲುತ್ತದೆ, ಕೈ ಇಲ್ಲ, ಚೆಂಬು ವಾಲುತ್ತದೆ