ಹನ್ನೊಂದು ನಂಬರು

"ಏನ್ಲಾ ಕಾಂತ, ನೀನೇನ್ ಡೀಸಿನೇನ್ಲಾ? ಕಾಯಿ ಸುಲಿಯಲೇ ಅಂದ್ರೆ ಫೋನ್ ಹಿಡ್ಕೊಂಡ್ ನಿಂತವ್ನೆ, ಬೋಳಿಮಗ!"

ರುದ್ರಯ್ಯನವರ ಹಿತ್ತಿಲಲ್ಲಿ ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಚುಚ್ಚಿ ಹಾಗೇ ಬಿಟ್ಟು, ನಾನು ಫೋನಿಗೆ ಬಂದ ಮೆಸೇಜು ಓದುತ್ತಿದ್ದೆ.

"ನರ್ಸಮ್ಮ ಯಜಮಾನ್ರೆ. ನಂಬರ್ ಕೇಳ್ತಾವ್ಳೆ, ಅವ್ವನ ಕಾಲಿಂದು."

"ಹೇಳಿ ಸಾಯಿ ಮತ್ತೆ. ಲೋಡಿಗೆ ಲಾರಿ ಬತ್ತದೆ."

ಫೋನಿನಲ್ಲೇ ಮೆಸೇಜಿನ ಆರು ಅಂಕಿ ಹೇಳಿದೆ. ಅದು ಹನ್ನೊಂದನೆಯ ಸಲ. ನರ್ಸಮ್ಮ ಮಂಜುಶ್ರೀ ಬಹಳ ದೂರವೇನೂ ಇರಲಿಲ್ಲ, ಅದೇ ಮನೆಯ ಮುಂದಿನ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಳು. ಕಾಫಿ ಮುಗಿಸಿ ನಮ್ಮ ಕಾಲೋನಿಗೆ ಹೋಗುತ್ತಾಳೆ ಅಂದುಕೊಂಡು ನಾನು ಇನ್ನೊಂದು ಕಾಯಿ ಎತ್ತಿಕೊಂಡೆ.

ಅವ್ವನ ಹೆಸರು ದೊಡ್ಡಗಂಗಮ್ಮ. ಇದೇ ಹಿತ್ತಿಲಲ್ಲಿ ಕಾಯಿ ಆಯುವಾಗ ಕರಟದ ಚೂರು ತುಳಿದಳು. ಮೊದಲೇ ಶುಗರ್ ಇದ್ದ ಮೈ, ಗಾಯ ಹುಣ್ಣಾಯಿತು. ಅದೇ ಹೊತ್ತಿಗೆ ಚೇಳೂರಿನ ಒಂದು ಕ್ಲಿನಿಕ್ಕು, ಗುಬ್ಬಿಯ ಒಂದು ನರ್ಸಿಂಗ್ ಹೋಮು, ತುಮಕೂರಿನ ಮರಳೂರಿನಲ್ಲಿದ್ದ ಒಂದು ದೊಡ್ಡ ಆಸ್ಪತ್ರೆ ಮೂರೂ ಸೇರಿ 'ಆರೈಕೆ ಕೂಟ' ಅಂತ ಮಾಡಿಕೊಂಡಿದ್ದವು. ನಮ್ಮೂರ ಸ್ಕೂಲಿನ ಮುಂದೆ ಶಾಮಿಯಾನ ಹಾಕಿಸಿದ್ದರು. ಡಾಕ್ಟರೊಬ್ಬರು ಮೈಕಿನಲ್ಲಿ, "ಇನ್ಮೇಲೆ ಚೀಟಿ ಹಿಡ್ಕೊಂಡು ಅಲೆಯೋ ಹಾಗಿಲ್ಲ. ನಮ್ಮ ನರ್ಸ್ ನಿಮ್ಮ ಮನೇಲಿ ನೋಡಿದ್ದು ಚೇಳೂರು, ಗುಬ್ಬಿ, ತುಮಕೂರು, ಮೂರೂ ಕಡೆ ಕಂಪ್ಯೂಟರಲ್ಲಿ ಕಾಣುತ್ತೆ," ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಮಂಜುಶ್ರೀ, ಆ ಡಾಕ್ಟರು ಮತ್ತು ಫೋಟೋ ತೆಗೆಯುವವನ ಜೊತೆ ಮನೆಗೇ ಬಂದಳು. ಮೊದಲು ನನ್ನ ಫೋನಿಗೆ ಬಂದ ನಂಬರ್ ಕೇಳಿ ಬರೆದುಕೊಂಡಳು. ಆಮೇಲೆ ಹುಣ್ಣು ತೊಳೆದು, ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ಅವ್ವನ ಕಾಲನ್ನು ಹೊರಗಿನವರು ಅಷ್ಟು ಮೆತ್ತಗೆ ಮುಟ್ಟಿದ್ದು ಅದೇ ಮೊದಲು. ಅವರೆಲ್ಲ ಹೋದ ಮೇಲೂ ಅವ್ವ ಅದನ್ನೇ ಹೇಳಿಕೊಂಡು ಅತ್ತಳು.

ವಾರಕ್ಕೆ ಎರಡು ಸಲ ಬರಬೇಕಿತ್ತು. ಬರಲಿಲ್ಲ. "ಕಾಲೋನಿ ರಸ್ತೇಲಿ ಗಾಡಿ ಬರಲ್ಲ ಅಣ್ಣ," ಎಂದಳು. ಹಾಲಿನ ಟೆಂಪೋ ದಿನಕ್ಕೆರಡು ಸಲ ಬರುವ ರಸ್ತೆ ಅದು. ಆದರೆ ನಂಬರ್ ಮಾತ್ರ ತಪ್ಪದೆ ಕೇಳುತ್ತಿದ್ದಳು. ನಾನೂ ತಪ್ಪದೆ ಹೇಳುತ್ತಿದ್ದೆ. ರೇಷನ್ ಅಂಗಡಿಯಲ್ಲೂ ಹಾಗೇ ಅಲ್ಲವೆ? ಮೊದಲು ನಂಬರ್ ಹೇಳಬೇಕು, ಆಮೇಲೆ ಅಕ್ಕಿ ಅಳೆಯುತ್ತಾರೆ. ಸ್ಟಾಕ್ ಇಲ್ಲದಿದ್ದರೆ ನಾಳೆ ಬಾ ಅನ್ನುತ್ತಾರೆ. ನರ್ಸಮ್ಮನದೂ ಹಾಗೇ, ನಂಬರ್ ಕೊಟ್ಟರೆ ನಮ್ಮ ಸರದಿ ಬರುತ್ತದೆ ಅಂದುಕೊಂಡಿದ್ದೆ. ಮನೆಯಲ್ಲಿರುವಾಗ ಫೋನು ಟಿಣ್ ಎಂದರೆ ಸಾಕು, ಅವ್ವ ಸೀರೆ ಮೇಲಕ್ಕೆಳೆದು ಬಾಗಿಲ ಕಡೆ ಕಾಲು ಚಾಚುತ್ತಿದ್ದಳು. "ನರ್ಸವ್ವ ಬತ್ತಾಳೆ, ಬಿಸಿನೀರ್ ಇಕ್ಕು," ಅನ್ನುತ್ತಿದ್ದಳು. ನೀರು ಆರುತ್ತಿತ್ತು. ಹಳೇ ಸೀರೆ ಹರಿದು ನಾನೇ ಕಟ್ಟುತ್ತಿದ್ದೆ.

ಹನ್ನೊಂದನೆಯ ನಂಬರ್ ಕೊಟ್ಟ ಸಂಜೆ ಅವ್ವನಿಗೆ ಚಳಿಜ್ವರ ಬಂತು. ಬೆಳಿಗ್ಗೆ ಆಟೋದಲ್ಲಿ ಚೇಳೂರಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಕಂಪ್ಯೂಟರ್ ನೋಡಿ ಜ್ವರದ ಮಾತ್ರೆ ಬರೆದರು. ಕಾಲು ಸಾರ್ ಎಂದೆ. "ಹುಣ್ಣು ಒಣಗಿದೆ ಅಂತ ಇದೆಯಲ್ಲಪ್ಪ," ಎಂದು ಮುಂದಿನವರನ್ನು ಕರೆದರು.

ಗುಬ್ಬಿ ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೋದಳು. ಅವ್ವ ತಲೆ ಬಗ್ಗಿಸಿದಳು. ಗುಬ್ಬಿಯ ನರ್ಸಿಂಗ್ ಹೋಮಿನಲ್ಲಿ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಕೇಳಿದಳು.

"ಹನ್ನೊಂದು ಸಲ ಮನೇಗ್ ಬಂದು ಡ್ರೆಸಿಂಗ್ ಮಾಡವ್ರೆ. ಇನ್ನೇನ್ ಬೇಕ್ರೀ ನಿಮಗೆ?"

"ಒಂದೇ ಸಲ ಕಣಮ್ಮ ಬಂದಿದ್ದು."

"ಸುಳ್ ಹೇಳ್ಬೇಡಿ. ನಂಬರ್ ಕೊಟ್ಟಿದ್ದು ನೀವೇ ತಾನೆ?"

ಕೈಕಾಲು ಹಿಡಿದೆ. ತುಮಕೂರಿಗೆ ಹೋಗಿ ಎಂದಳು.

ಮರಳೂರಿನ ಆಸ್ಪತ್ರೆಯ ಡಾಕ್ಟರು ಒಬ್ಬರೇ ಕಾಲಿನ ಬಟ್ಟೆ ಬಿಚ್ಚಿ ನೋಡಿದವರು. ನೋಡಿ ಮುಖ ತಿರುಗಿಸಿದರು.

"ಮೊಣಕಾಲಿನ ಮೇಲಕ್ಕೆ ತೆಗೀಬೇಕು. ಒಂದ್ ತಿಂಗಳು ಮುಂಚೆ ತೋರಿಸಿದ್ರೆ ಬೆರಳಲ್ಲಿ ಮುಗೀತಿತ್ತು."

"ತಿಂಗ್ಳಿಂದ ನಂಬರ್ ಕೊಡ್ತಾನೇ ಇದೀನಿ ಸಾರ್!"

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ನೀನು ನಂಬರ್ ಹೇಳಿದೆ ಅಂದ್ರೆ, ನರ್ಸ್ ಬಂದು ಡ್ರೆಸಿಂಗ್ ಮುಗ್ಸಿ ಹೋದ್ರು ಅಂತ ನೀನೇ ಒಪ್ಕೊಂಡಂಗೆ. ಯಾರೂ ಹೇಳ್ಲಿಲ್ವ?"

ಯಾರೂ ಹೇಳಿರಲಿಲ್ಲ. ಅವ್ವನ ಕಾಲನ್ನು ಆರಾರು ಅಂಕಿಯಾಗಿ ನಾನೇ ಕೊಯ್ದು ಕೊಟ್ಟಿದ್ದೆ. ಅಲ್ಲೇ ಗೋಡೆಗೆ ತಲೆ ಚಚ್ಚಿಕೊಂಡೆ. ಆಪರೇಷನ್ನಿನ ಕಾಗದ ತಂದರು, ಸಹಿ ಹಾಕಿದೆ.

ಅವ್ವನನ್ನು ಮನೆಗೆ ಕರೆತಂದು ಎಂಟು ದಿನವಾಗಿತ್ತು. ಮಂಜುಶ್ರೀಯ ಫೋನು ಬಂತು.

"ಅಣ್ಣಾ, ಅಮ್ಮಂದು ಕೇಸ್ ಕ್ಲೋಸ್ ಮಾಡ್ಬೇಕು. ಗುಣಮುಖ ಅಂತ ಹಾಕಿದೀನಿ. ಒಂದ್ ನಂಬರ್ ಬಂದಿರುತ್ತೆ, ಹೇಳಿ."

"ಎಲ್ಲಿದೀಯವ್ವ?"

"ರುದ್ರಯ್ಯನೋರ ಮನೆ ಹತ್ರ."

"ಅಲ್ಲೇ ಇರು."

ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದೆ. ರುದ್ರಯ್ಯನವರ ಜಗಲಿಯನ್ನು ನಮ್ಮ ಕಾಲೋನಿಯವರು ಯಾರೂ ಹತ್ತಿಲ್ಲ. ಮೂವತ್ತು ವರ್ಷ ಜೀತ ಮಾಡಿದ ನಮ್ಮಪ್ಪ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಉಂಡು ಸತ್ತ. ನಾನು ಮೂರೂ ಮೆಟ್ಟಿಲು ಹತ್ತಿ, ಮಂಜುಶ್ರೀಯ ಕಾಫಿ ಲೋಟದ ಪಕ್ಕ ಅವ್ವನನ್ನು ಕೂರಿಸಿದೆ.

"ಲೇ! ಯಾರ್ನ ಎಲ್ ಕೂರುಸ್ತಿದೀಯಲೇ? ಎತ್ತಲೇ, ನಿನ್ ವಂಶ ಹಾಳಾಗ!" ರುದ್ರಯ್ಯನವರು ಪಂಚೆ ಕಟ್ಟಿಕೊಳ್ಳುತ್ತಾ ಓಡಿಬಂದರು.

"ನರ್ಸಮ್ಮ ಇಲ್ಲೀಗಂಟ ತಾನೆ ಬರಾದು? ಅದುಕ್ಕೆ ಅವ್ವನ್ನೇ ಹೊತ್ಕೊಂಬಂದೆ. ನೋಡ್ಲಿ, ಕಣ್ ಬುಟ್ಟು ನೋಡ್ಲಿ."

ಮಂಜುಶ್ರೀ ತಲೆ ಎತ್ತಲಿಲ್ಲ. "ದಿನಕ್ಕೆ ಮೂವತ್ ಮನೆ ಮುಗಿಸ್ಲೇಬೇಕು ಅಂತಾರೆ ಅಣ್ಣ. ಆಗದಿದ್ರೆ ಕೆಲ್ಸ ಬಿಡು ಅಂತಾರೆ. ನಂಗೂ ಮಕ್ಳಿವೆ." ಮೊಬೈಲು ಒತ್ತಿ ನೋಡಿದಳು. "ನಂಬರ್ ಟೈಮ್ ಮುಗಿದೋಯ್ತು. ಇನ್ನೊಂದ್ ಕಳಿಸ್ತೀನಿ, ಹೇಳ್ಬುಡಿ ಅಣ್ಣ, ಕಾಲಿಗ್ ಬೀಳ್ತೀನಿ."

ರುದ್ರಯ್ಯನವರು ಜಗಲಿ ತೊಳೆಯಲು ಒಳಗೆ ಕೂಗಿ ನೀರು ತರಿಸುತ್ತಿದ್ದರು. ನನ್ನ ಜೇಬಿನಲ್ಲಿ ಫೋನು ಟಿಣ್ ಎಂದಿತು.

ಸದ್ದು ಕೇಳಿದ್ದೇ ಅವ್ವ ಎಂದಿನಂತೆ ಸೀರೆ ಮೇಲಕ್ಕೆಳೆದು, ಇಲ್ಲದ ಕಾಲನ್ನು ನರ್ಸಮ್ಮನ ಕಡೆ ಚಾಚಿದಳು.

ನಾನು ನಂಬರ್ ಹೇಳಲಿಲ್ಲ. ಅವ್ವ ಕಾಯುತ್ತಾ ಕೂತಳು.