ಮೇಲಿನ ಹಂತದ ಧರ್ಮರಾಜರು

ರಾಕೆಟ್ಟು ನೆಲ ಬಿಟ್ಟು ಏಳುವ ಗಳಿಗೆಯಲ್ಲಿ ಲೋಕವೆಲ್ಲ ಉಸಿರು ಬಿಗಿಹಿಡಿದು ಬೆಂಕಿಯನ್ನು ನೋಡುತ್ತಿದ್ದರೆ, ನಮ್ಮ ಜಮಖಂಡಿಯ ಧರ್ಮರಾಜರು ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕುತ್ತಾರೆ. ಉಡಾವಣೆಯನ್ನು ದೊಡ್ಡ ಪರದೆಯ ಮೇಲೆ ತೋರಿಸುವ ದಿನ ಕಾಲೇಜಿನ ಸಭಾಂಗಣಕ್ಕೆ ಬಂದವರಿಗೆಲ್ಲ ಈ ಸೆರೆವಾಸದ ಅನುಭವವಿದೆ. ಬೆಂಕಿ ಕಂಡಿತು, ಹೊಗೆ ಕಂಡಿತು, ಚಪ್ಪಾಳೆಯೂ ಆಯಿತು, ಇನ್ನು ಮನೆಗೆ ಹೋಗಿ ರೊಟ್ಟಿ ತಿನ್ನೋಣವೆಂದು ಎದ್ದವರು, ಕದಕ್ಕೆ ಬೆನ್ನು ಕೊಟ್ಟು ಕೈಕಟ್ಟಿ ನಿಂತ ಆ ಕೃಶಕಾಯದ ವೃದ್ಧರನ್ನು ಕಂಡು ತೆಪ್ಪಗೆ ಕುರ್ಚಿಗೆ ಮರಳುತ್ತಾರೆ.

"ಕುಂದರ್ರಿ. ಖರೆ ಕೆಲಸ ಈಗ ಶುರು ಆಗೂದೈತಿ," ಎನ್ನುತ್ತಾರೆ ಅವರು.

ಬಾಹ್ಯಾಕಾಶ ಇಲಾಖೆಯ ಸೇವೆಯಲ್ಲಿದ್ದಷ್ಟು ಕಾಲವೂ ಅವರು ರಾಕೆಟ್ಟಿನ ಮೇಲಿನ ಹಂತದ ಎಂಜಿನ್ನುಗಳನ್ನು ಪರೀಕ್ಷಿಸಿದವರು. ಕೆಳಗಿನ ಹಂತ ಭಾರವನ್ನೆಲ್ಲ ಹೊತ್ತು, ದಟ್ಟ ಗಾಳಿಯನ್ನು ಸೀಳಿ ಮೇಲೆ ತಂದು, ತನ್ನ ಕೆಲಸ ಮುಗಿಯಿತೆಂದು ಕಳಚಿ ಬೀಳುತ್ತದೆ. ಉಪಗ್ರಹವು ಭೂಮಿಗೆ ಮರಳಿ ಬೀಳದೆ ಸುತ್ತುತ್ತಲೇ ಇರುವಷ್ಟು ವೇಗವನ್ನು ಅದಕ್ಕೆ ದೊರಕಿಸಿಕೊಡುವ ಹೊಣೆ, ಯಾರ ಕಣ್ಣಿಗೂ ನಿಲುಕದ ದೂರದಲ್ಲಿ, ಮೇಲಿನ ಹಂತದ್ದು. ಆ ಹಂತದಲ್ಲಿ ಒಂದು ಕಿಲೋ ಹೆಚ್ಚಾದರೆ ಉಪಗ್ರಹದಲ್ಲಿ ಒಂದು ಕಿಲೋ ಇಳಿಯಲೇಬೇಕು. ಈ ನಿಷ್ಠುರ ನಿಯಮ ಅವರ ರಕ್ತಕ್ಕೆ ಇಳಿದುಬಿಟ್ಟಿದೆ. ಬೂದುಬಣ್ಣದ ಅವರ ಕೋಟಿಗೆ ಒಂದೇ ಜೇಬು. ಉಳಿದವನ್ನು ದಂಡದ ಭಾರವೆಂದು ತಾವೇ ಹೊಲಿಗೆ ಬಿಚ್ಚಿ ತೆಗೆದಿದ್ದಾರೆ. ಛತ್ರಿಯ ಹಿಡಿಕೆಯನ್ನೂ ಕೊಯ್ದು ಗಿಡ್ಡ ಮಾಡಿದ್ದಾರೆ. "ಒಂದಿನ ನನ್ನೂ ಕೊಯ್ದು ಹಗೂರ ಮಾಡ್ತಾರ ನೋಡ್ರಿ," ಎಂದು ಅವರ ಪತ್ನಿ ಮಾದೇವಿ ಬಂದವರೆದುರು ನಗುತ್ತಾರೆ.

ನಡಿಗೆಯೂ ವಿಚಿತ್ರ. ಬಜಾರದಲ್ಲಿ ಬಿರಬಿರನೆ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು, ಕಣ್ಣು ಕಿರಿದು ಮಾಡಿ, ಏನನ್ನೋ ಯೋಚಿಸಿ, ಮತ್ತೆ ಮೊದಲಿಗಿಂತ ಬಿರುಸಾಗಿ ಹೊರಡುತ್ತಾರೆ. ಕಟ್ಟೆಯ ಮೇಲಿನ ಮಂದಿ "ಕಾಕಾನ ಎಂಜಿನ್ ಆರೇತಿ, ತಡೀರಿ, ಈಗ ಮತ್ತ ಹತ್ತತೈತಿ" ಎಂದು ಕಿಚಾಯಿಸುತ್ತಾರೆ. ಧರ್ಮರಾಜರಿಗೆ ಬೇಸರವಿಲ್ಲ, ಅದು ಎಂಜಿನ್ನಿನ ಬಗ್ಗೆ ಊರವರು ಆಡುವ ಮಾತುಗಳಲ್ಲಿ ಸರಿಯಾದ ಏಕೈಕ ಮಾತು ಎಂದು ಅವರ ಅಭಿಪ್ರಾಯ.

ಆರಿದ ಎಂಜಿನ್ನನ್ನು ಮೇಲೆ ಮತ್ತೆ ಹೊತ್ತಿಸುವುದು ಎಷ್ಟು ಕಷ್ಟವೆಂಬುದನ್ನು ಒಮ್ಮೆ ಅವರು ಚಿಕ್ಕಪಡಸಲಗಿಯ ರೈತರಿಗೆ ಹೊಳೆದಂಡೆಯಲ್ಲೇ ನಿಂತು ವಿವರಿಸಿದ್ದುಂಟು. ಅಲ್ಲಿ ತೂಕವೆಂಬುದೇ ಇಲ್ಲದ್ದರಿಂದ ಟಾಕಿಯೊಳಗಿನ ಇಂಧನ ತಳದಲ್ಲಿ ನಿಲ್ಲದೆ ಉಂಡೆ ಉಂಡೆಯಾಗಿ ತೇಲುತ್ತದೆ. ಮೊದಲು ಪುಟ್ಟ ಪುಟ್ಟ ಎಂಜಿನ್ನುಗಳಿಂದ ಇಡೀ ಹಂತವನ್ನು ಮೆಲ್ಲಗೆ ಮುಂದಕ್ಕೆ ನೂಕಿ, ಇಂಧನವನ್ನು ತಳಕ್ಕೆ ಕೂರಿಸಿ, ಆಮೇಲೆ ದೊಡ್ಡದನ್ನು ಹೊತ್ತಿಸಬೇಕು. "ನಿಮ್ಮ ಪಂಪಿನ ಬಾಯಿಗಿ ನೀರಿನ ಬದ್ಲಿ ಗಾಳಿ ಸಿಕ್ಕರ ಏನಾಕ್ಕೈತಿ?" ಎಂದು ಕೇಳಿದರು. "ಬರೇ ಒದರತೈತ್ರಿ, ನೀರ ಎತ್ತೂದಿಲ್ಲ," ಎಂದರು ರೈತರು. "ಅಲ್ಲೂ ಅಷ್ಟ. ಆದ್ರ ಅಲ್ಲಿ ಕೊಡದಾಗ ನೀರ ತಂದು ಹೊಯ್ಯಾಕ ಯಾರೂ ಇರೂದಿಲ್ಲ."

ಅವರ ಹಟವೆಲ್ಲ ಒರೆಗೆ ಹತ್ತಿದ್ದು ಸಂಧ್ಯಾಳ ಉಪಗ್ರಹ ಹಾರಿದ ಮುಂಜಾನೆ. ನೆರೆಮನೆಯ ಹುಡುಗಿ, ಈಗ ಅದೇ ಕಾಲೇಜಿನಲ್ಲಿ ಉಪನ್ಯಾಸಕಿ. ಕೃಷ್ಣೆಯ ಹಿನ್ನೀರನ್ನು ಮೇಲಿನಿಂದ ಅಳೆಯಲೆಂದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ದುಡಿದು ಬುತ್ತಿಡಬ್ಬಿಯಷ್ಟು ಉಪಗ್ರಹವೊಂದನ್ನು ಮಾಡಿದ್ದಳು. ಖಾಸಗಿ ಕಂಪನಿಯೊಂದರ ರಾಕೆಟ್ಟು ಅದನ್ನು ಹೊತ್ತಿತ್ತು. ಅವಳ ಪ್ರಯೋಗಶಾಲೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂಬ, ಕಾಲೇಜು ನಡೆಸುವ ಸಂಸ್ಥೆಯ ತೀರ್ಮಾನ ಆ ಡಬ್ಬಿಯ ಮೇಲೆಯೇ ನಿಂತಿತ್ತು.

ನಮ್ಮ ಕಡೆ ಸತ್ಕಾರವಿಲ್ಲದೆ ಯಾವ ಕಾರ್ಯವೂ ಮುಗಿಯುವುದಿಲ್ಲ. ಎಷ್ಟೋ ಸಲ ಕಾರ್ಯಕ್ಕಿಂತ ಮೊದಲೇ ಸತ್ಕಾರ ಮುಗಿದಿರುತ್ತದೆ. ಅಂದೂ ಶಾಲು, ಹಾರ, ತಲೆಗೆ ಸುತ್ತುವ ಕೇಸರಿ ಫೇಟಾ, ಪೇಢೆಯ ಬುಟ್ಟಿ, ಗೇಟಿನ ಬಳಿ ಪಟಾಕಿಯ ಸರ ಎಲ್ಲವೂ ಸಿದ್ಧ. ರಾಕೆಟ್ಟು ಏರಿದ್ದೇ ತಡ, ಸಂಸ್ಥೆಯ ಚೇರ್ಮನ್ ಅಣ್ಣಾಸಾಹೇಬರು ಫೇಟಾ ಹಿಡಿದು ಎದ್ದರು.

"ಹಾರಿತಲ್ರಿ, ಆತಲ್ಲ! ಕರೀರಿ ಹುಡುಗೀನ್ನ."

"ಆಗಿಲ್ರಿ ಸಾಹೇಬ್ರ," ಎಂದರು ಬಾಗಿಲಲ್ಲಿದ್ದ ಧರ್ಮರಾಜರು. "ಕೂಸು ಹುಟ್ಟೂದಕ್ಕ ಮೊದಲ ಕುಲಾವಿ ಬ್ಯಾಡ. ಮ್ಯಾಲಿನ ಎಂಜಿನ್ ಇನ್ನೊಮ್ಮಿ ಹತ್ತಬೇಕು."

ಅಣ್ಣಾಸಾಹೇಬರ ಮುಖ ಕೆಂಪೇರಿತು. ಆದರೂ ಕೂತರು. ಮೇಲಿನ ಹಂತ ಒಮ್ಮೆ ಉರಿದು, ಆರಿ, ಮೌನವಾಗಿ ಸಾಗತೊಡಗಿತು. ಸಭೆ ಆಕಳಿಸಿತು. ಧರ್ಮರಾಜರು ಮಾತ್ರ ಪರದೆಯ ಕೆಳಗಿನ ವೇಗದ ಅಂಕಿಯಿಂದ ಕಣ್ಣು ಕೀಳಲಿಲ್ಲ.

ಕಡೆಗೆ ಪರದೆಯ ಮೇಲಿನ ಚಿತ್ರದಲ್ಲಿ ಎಂಜಿನ್ನಿನ ಬಾಯಿಂದ ನೀಲಿ ಜ್ವಾಲೆ ಚಿಮ್ಮಿತು. ಸಭೆ ಹುಚ್ಚೆದ್ದು ಕೂಗಿತು. ಅಣ್ಣಾಸಾಹೇಬರು ಸಂಧ್ಯಾಳ ತಲೆಗೆ ಫೇಟಾ ಇಡಲು ಕೈ ಎತ್ತಿದ್ದರು. ಅಷ್ಟರಲ್ಲಿ ಧರ್ಮರಾಜರು ದಾಪುಗಾಲಿಟ್ಟು ಬಂದು ಆ ಕೈ ಹಿಡಿದರು.

"ಬ್ಯಾಡ್ರಿ. ಅದು ಬರೇ ಚಿತ್ರ. ಕಂಪನಿಯವ್ರು ಮೊದಲ ಮಾಡಿಟ್ಟದ್ದು. ಕೆಳಗಿನ ಅಂಕಿ ನೋಡ್ರಿ, ವೇಗ ಏರವಲ್ದು."

ಸಂಧ್ಯಾ ಅಂಕಿಯನ್ನು ನೋಡಿದಳು. ಅದು ಏರಲಿಲ್ಲ. ಅವಳಿಗೆ ಅರ್ಥವಾಯಿತು.

"ಅಪಶಕುನ ನುಡೀಬ್ಯಾಡ್ರಿ!" ಎಂದು ಯಾರೋ ಹಿಂದಿನಿಂದ ಗದರಿದರು. ಸ್ವಲ್ಪ ಹೊತ್ತಿಗೆ ಕಂಪನಿಯವರೇ ಒಪ್ಪಿಕೊಂಡರು: ಎಂಜಿನ್ ಹೊತ್ತಿಲ್ಲ, ರಾಕೆಟ್ಟು ಕಕ್ಷೆ ಮುಟ್ಟುವುದಿಲ್ಲ.

ಆದರೂ ಉಪಗ್ರಹ ನಮ್ಮ ತಲೆಯ ಮೇಲೆ ಹಾಯಬೇಕಿದ್ದ ಹೊತ್ತಿಗೆ ಸಂಧ್ಯಾ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದಳು. ಧರ್ಮರಾಜರು ಪಕ್ಕದಲ್ಲಿ ನಿಂತರು. ಬರೇ ಗೊರಗೊರ ಸದ್ದು. ಅವಳು ಹೆಡ್‌ಫೋನು ತೆಗೆದು ಅತ್ತುಬಿಟ್ಟಳು. ಸಮಾಧಾನದ ಮಾತು ಧರ್ಮರಾಜರಿಗೆ ಬರುವುದಿಲ್ಲ.

"ನೀ ಮಾಡಿದ್ದು ಕೆಟ್ಟಿಲ್ಲ ತಂಗಿ. ಅದಕ್ಕ ಕೆಲಸಾ ಮಾಡಾಕ ಅವಕಾಶ ಸಿಗಲಿಲ್ಲ, ಅಷ್ಟ. ಪರೀಕ್ಷಾಕ್ಕಂತ ಅದರಂಥದ ಇನ್ನೊಂದು ಮಾಡಿದ್ದು ಕೆಳಗ ಲ್ಯಾಬಿನ್ಯಾಗ ಐತೆಲ್ಲ? ಅದನ್ನ ಹಾರಸಾಕ ಏನೇನ ಮಾಡಬೇಕು?"

"ಬ್ಯಾಟರಿ ಹೊಸಾದು ಬೇಕ್ರಿ ಕಾಕಾ," ಎಂದಳು ಅವಳು, ಮೂಗು ಒರೆಸುತ್ತ. "ಮತ್ತ ಹೊರಗಿನ ಕವಚಾನೂ... ಆದ್ರ ಲ್ಯಾಬ್ ಇರಬೇಕಲ್ರಿ?"

ಅಷ್ಟರಲ್ಲಿ ಅಣ್ಣಾಸಾಹೇಬರು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಿದ್ದರು. ಕೇಳಿಸಿಕೊಂಡರು. ಅಂಥ ಸೋಲಿನ ಹೊತ್ತಿನಲ್ಲಿ ತಾವೇ ಫೇಟಾ ಕಟ್ಟಿ ಅವಳನ್ನೂ ತಮ್ಮನ್ನೂ ಊರ ನಗೆಗೆ ಒಡ್ಡಲಿದ್ದುದನ್ನು ಧರ್ಮರಾಜರು ತಡೆದರೆಂಬ ಅರಿವು ಆ ಮುಖದಲ್ಲಿ ಸ್ಪಷ್ಟವಿತ್ತು.

"ಲ್ಯಾಬ್ ಎಲ್ಲಿ ಹೊಕ್ಕೈತ್ವಾ, ಮುಚ್ಚೂದಿಲ್ಲ," ಎಂದರು. "ಆದ್ರ ಮುಂದಿನ ಸಲ ಇವ್ರು ಹೂಂ ಅನ್ನೂತನಕ ನಾ ಕುರ್ಚಿ ಬಿಟ್ಟ ಏಳೂದಿಲ್ಲ."

ಧರ್ಮರಾಜರಂಥವರನ್ನು ಪ್ರೀತಿಸುವುದು ಸುಲಭವಲ್ಲ. ಹತ್ತು ಜನ ಕುಣಿಯುವಾಗ ಅವರು ಅಂಕಿ ತೋರಿಸುತ್ತಾರೆ, ಸಂಭ್ರಮಕ್ಕೆ ನೀರೆರಚುತ್ತಾರೆ, ಬೈಸಿಕೊಂಡೂ ಕದಲುವುದಿಲ್ಲ. ಲೋಕ ಅವರನ್ನು ಸಿಡುಕರೆಂದು ತಿಳಿಯುತ್ತದೆ. ಆದರೆ ಪೇಢೆಯ ಬುಟ್ಟಿಗಳು ಮುಚ್ಚಿಕೊಂಡು, ಬಂದವರೆಲ್ಲ ತಲೆತಗ್ಗಿಸಿ ಚಪ್ಪಲಿ ಹುಡುಕುತ್ತಿರುವಾಗ, ಸೋತವರ ಪಕ್ಕದಲ್ಲಿ ನಿಂತು ಮುಂದಿನ ಕೆಲಸ ಯಾವುದೆಂದು ಕೇಳುವವರೂ ಅವರೇ ಆಗಿರುತ್ತಾರೆ.